ಕಮಾನಿನ ಆ ಕಡೆ, ಈ ಕಡೆ

ಶಿವಮೊಗ್ಗದ ಹಳೇ ಪೇಟೆಯ ಕಮಾನಿನ ಪಕ್ಕದಲ್ಲೇ ನನ್ನ ಬೋರ್ಡ್ ಬರೆಯುವ ಅಂಗಡಿ ಇತ್ತು. ಫ್ಲೆಕ್ಸ್ ಬಂದು ನನ್ನ ಬ್ರಷ್ ಒಣಗಿಸುವವರೆಗೆ, ತೊಂಬತ್ತರ ದಶಕವಿಡೀ ಅಲ್ಲೇ ಕೂತಿದ್ದೆ. ಕಮಾನು ತನ್ನ ಪಾಡಿಗೆ ನಿಂತಿರುತ್ತಿತ್ತು. ಎಡವಟ್ಟೆಲ್ಲ ಅದರ ಕೆಳಗೆ ಓಡಾಡುವವರದ್ದು.

ಚರಿತ್ರೆ

ಒಮ್ಮೆ ವರ್ತಕರೆಲ್ಲ ಸೇರಿ ಕಮಾನಿಗೆ ಸುಣ್ಣ ಹೊಡೆಸಿ, ಅದರ ಚರಿತ್ರೆಯ ಫಲಕ ಬರೆಯಲು ನನಗೆ ಹೇಳಿದರು. ಏನು ಬರೆಯಲಿ ಅಂದರೆ, ಹಿರಿಯರನ್ನು ಕೇಳು ಅಂದರು. ಜವಳಿ ಅಂಗಡಿಯ ಅಜ್ಜ, ಮಹಾರಾಜರು ಊರಿಗೆ ಬಂದಾಗ ಕಟ್ಟಿದ್ದು ಎಂದರು. ಎದುರಿನ ಪಾತ್ರೆ ಅಂಗಡಿಯ ಅಜ್ಜ, ಬರ್ತಾರೆ ಅಂತ ಕಟ್ಟಿದ್ದು ನಿಜ, ಆದರೆ ಮಹಾರಾಜರು ಬರಲೇ ಇಲ್ಲ ಎಂದರು. ಇಬ್ಬರೂ ಕಣ್ಣಾರೆ ಕಂಡವರು. ಜಗಳ ಎಷ್ಟು ಬೆಳೆಯಿತೆಂದರೆ ಎರಡು ಅಂಗಡಿಯವರೂ ಮಾತು ಬಿಟ್ಟರು. ಕೊನೆಗೆ ಇಬ್ಬರಿಗೂ ನೋವಾಗದಂತೆ ಬರೆದೆ: 'ಈ ಕಮಾನು ಬಹಳ ಹಿಂದಿನದು. ಇಲ್ಲಿ ಸೈಕಲ್ ನಿಲ್ಲಿಸಬಾರದು.'

ತುಕ್ಕು

ನಮ್ಮ ಭಾವ ಭದ್ರಾವತಿಯಲ್ಲಿ ಕಬ್ಬಿಣದ ಕೆಲಸ ಮಾಡಿ ನಿವೃತ್ತರಾದವರು. ಫಲಕ ಓದಿ, ಕಮಾನಿನೊಳಗಿನ ಕಬ್ಬಿಣ ಭದ್ರಾವತಿಯದು ಅಂತ ಯಾಕೆ ಬರೆದಿಲ್ಲ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಇದು ಬರೀ ಕಲ್ಲು, ಗಾರೆ, ಒಳಗೆ ಒಂದು ಮೊಳೆಯೂ ಇಲ್ಲ ಎಂದೆ. ಭಾವ ಕಮಾನನ್ನು ಒಂದು ಸುತ್ತು ಹಾಕಿ ಬಂದರು.

"ನೋಡು ಮಾರಾಯ, ಇಷ್ಟು ವರ್ಷ ಆದ್ರೂ ಎಲ್ಲೂ ತುಕ್ಕು ಹಿಡಿದಿಲ್ಲ. ನಮ್ಮೂರಿನ ಮಾಲು ಅಂದ್ರೆ ಹಂಗೆ."

ಬೀಗರು

ಮೊಬೈಲ್ ಇನ್ನೂ ಬರದಿದ್ದ ಕಾಲ. ಹೊಳೆಹೊನ್ನೂರಿನ ಹೆಣ್ಣಿನ ತಂದೆಗೂ ಆಯನೂರಿನ ಗಂಡಿನ ತಂದೆಗೂ ಒಬ್ಬ ದಳ್ಳಾಳಿ, ಬೆಳಿಗ್ಗೆ ಹತ್ತಕ್ಕೆ ಕಮಾನಿನ ಹತ್ತಿರ ಬನ್ನಿ, ಪರಿಚಯ ಮಾಡಿಸ್ತೀನಿ ಎಂದಿದ್ದನಂತೆ. ಅವತ್ತೇ ಅವನಿಗೆ ಜ್ವರ. ಇವರಿಬ್ಬರೂ ಒಬ್ಬರನ್ನೊಬ್ಬರು ನೋಡಿದವರಲ್ಲ. ಒಬ್ಬರು ಕಮಾನಿನ ಆ ಕಡೆ, ಒಬ್ಬರು ಈ ಕಡೆ ನಿಂತು ಕಾದರು. ಹನ್ನೆರಡರ ಬಿಸಿಲಿಗೆ ಇಬ್ಬರೂ ಬಂದು ನನ್ನ ಅಂಗಡಿಯ ಬೆಂಚಿನ ಮೇಲೆ ಕೂತರು. ನನಗೂ ಏನೂ ಗೊತ್ತಿಲ್ಲ.

ಒಬ್ಬರು, ಮದುವೆ ಮಾತಿಗೆ ಕರೆದು ಕೈಕೊಟ್ಟರು ಎಂದರು. ಇನ್ನೊಬ್ಬರು, ನನಗೂ ಹಾಗೇ ಆಯಿತು ಎಂದರು. ಹೊತ್ತಿನ ಬೆಲೆ ಗೊತ್ತಿಲ್ಲದವರ ಮನೆಗೆ ಹೆಣ್ಣು ಕೊಡಬೇಡಿ ಎಂದು ಇವರು, ಅಂಥವರ ಮನೆಯಿಂದ ಹೆಣ್ಣು ತರಬೇಡಿ ಎಂದು ಅವರು. ಎಲೆಅಡಿಕೆ ಹಂಚಿಕೊಂಡರು. ಒಂದು ಗಂಟೆಯಲ್ಲಿ ಅಣ್ಣತಮ್ಮಂದಿರಂತಾದರು.

ಆಮೇಲೆ ಆಯನೂರಿನವರು ಕೇಳಿದರು: "ನಿಮಗೆ ಮಗಳಿದಾಳೆ, ನನಗೆ ಮಗ ಇದಾನೆ. ಆ ಹೊಳೆಹೊನ್ನೂರಿನೋರು ಹಾಳಾಗಿ ಹೋಗ್ಲಿ. ನಾವೇ ಯಾಕೆ ಬೀಗರಾಗಬಾರದು? ಅಂದಹಾಗೆ, ನಿಮ್ಮದು ಯಾವೂರು?"

ಹೆಣ್ಣಿನ ತಂದೆ ಎದ್ದು ಹೋಗಿ ಬಾಯಲ್ಲಿದ್ದ ಎಲೆಅಡಿಕೆ ಉಗಿದು ಬಂದು, ಮೆಲ್ಲಗೆ ಹೇಳಿದರು:

"ಹಾಳಾಗಿ ಹೋಗೋರ ಊರೇ."