ನವರಾತ್ರಿಗೊಂದು ಉದ್ಯೋಗ

ನನ್ನ ಸೋದರಮಾವನಷ್ಟು ಕೆಲಸ ಬದಲಿಸಿದ ಮನುಷ್ಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಕಡೆ ಹುಡುಕಿದರೂ ಸಿಗಲಿಕ್ಕಿಲ್ಲ! ಡಾಕ್ಟರಾದರು, ವಕೀಲರಾದರು, ಪೋಸ್ಟ್‌ಮ್ಯಾನ್ ಆದರು, ಇನ್‌ಸ್ಪೆಕ್ಟರ್ ಆದರು. ಒಂದು ವರ್ಷ ಪೈಲಟ್ ಕೂಡ ಆದರು. ವಿಮಾನವನ್ನು ಅವರು ಕಂಡದ್ದು ಅಂಗಳದಲ್ಲಿ ನಿಂತು ಕತ್ತು ಎತ್ತಿದಾಗ ಮಾತ್ರ. ಆದರೆ ಯಾವ ಕೆಲಸದಲ್ಲಿಯೂ ಹತ್ತು ದಿನಕ್ಕಿಂತ ಹೆಚ್ಚು ನಿಂತವರಲ್ಲ. ಯಾರೂ ಅವರನ್ನು ತೆಗೆದುಹಾಕಿದ್ದಲ್ಲ ಮತ್ತೆ. ವಿಜಯದಶಮಿಯ ಸಂಜೆ ಬಾವಿಕಟ್ಟೆಯ ಹತ್ತಿರ ಕುಳಿತು, ತೆಂಗಿನೆಣ್ಣೆ ಹಚ್ಚಿ ಮುಖದ ಬಣ್ಣ ತೆಗೆದರೆ ರಾಜೀನಾಮೆ ಕೊಟ್ಟ ಹಾಗೆ. ಮರುದಿನದಿಂದ ಬಂಟ್ವಾಳ ಪೇಟೆಯಲ್ಲಿರುವ ತಮ್ಮ ಸೋಡಾ ಶರಬತ್ತಿನ ಅಂಗಡಿಯಲ್ಲಿ ಲಿಂಬೆಹುಳಿ ಹಿಂಡುತ್ತಾ ಕೂರುತ್ತಿದ್ದರು.

ಹೌದು, ನನ್ನ ಮಾವ ವೇಷ ಹಾಕುವವರು. ನಮ್ಮ ಕಡೆ ನವರಾತ್ರಿಗೆ ಮಾರ್ನೆಮಿ ಅನ್ನುತ್ತಾರೆ. ಹರಕೆ ಹೊತ್ತವರು ಆ ದಿನಗಳಲ್ಲಿ ಮುಖಕ್ಕೆ ಬಣ್ಣ ಬಳಿದು, ಏನಾದರೊಂದು ವೇಷ ಕಟ್ಟಿ ಮನೆ ಮನೆಗೆ, ಅಂಗಡಿ ಅಂಗಡಿಗೆ ಹೋಗುತ್ತಾರೆ. ಸಿಕ್ಕಿದ್ದನ್ನು ಕಡೆಗೆ ದೇವಿಗೆ ಒಪ್ಪಿಸುತ್ತಾರೆ. ಉಳಿದವರು ಮರ್ಯಾದೆಯಿಂದ ಹುಲಿಯೋ ಕರಡಿಯೋ ಆಗುತ್ತಾರೆ. ಹುಲಿಗೆ ಒಂದು ಗತ್ತಾದರೂ ಇದೆ, ಬಣ್ಣದ ಅಡಿಯಲ್ಲಿ ಇರುವುದು ಯಾರ ಮಾವ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಮಾವನಿಗೆ ಹುಲಿ ಬೇಡ! ಅವರಿಗೆ ಪ್ರತಿ ವರ್ಷ ಒಂದೊಂದು ಹೊಸ ಉದ್ಯೋಗವೇ ಆಗಬೇಕು. ಅದಕ್ಕೆ ತಕ್ಕ ಇಂಗ್ಲಿಷೂ ಬೇಕು. ಆ ಇಂಗ್ಲಿಷನ್ನು ಬೀದಿಯ ಮಕ್ಕಳಿಗೆಲ್ಲ ಕಲಿಸಲೂ ಬೇಕು.

ಮಾವ ಓದಿದ್ದು ಕಡಿಮೆ. ಇಂಗ್ಲಿಷ್ ಕಲಿತದ್ದು ಅಂಗಡಿಗಳ ಬೋರ್ಡುಗಳಿಂದ, ಶರಬತ್ತು ಕುಡಿಯಲು ಬಂದ ಗಿರಾಕಿಗಳಿಂದ. ವೇಷ ಕಟ್ಟುವ ಮೊದಲು ಆಯಾ ಉದ್ಯೋಗದವರನ್ನು ಅಂಗಡಿಯಲ್ಲಿ ಕೂರಿಸಿ, ಇದಕ್ಕೆ ಏನನ್ನುತ್ತಾರೆ, ಅದಕ್ಕೆ ಏನನ್ನುತ್ತಾರೆ ಎಂದು ಕೇಳಿಟ್ಟುಕೊಳ್ಳುತ್ತಿದ್ದರು. ಆಮೇಲೆ ಕೈಗಂಟೆ ಅಲ್ಲಾಡಿಸುತ್ತಾ ಬೀದಿಗೆ ಇಳಿದರೆ ಹಿಂದೆ ಮಕ್ಕಳ ದೊಡ್ಡ ಹಿಂಡು.

“ನಾನು ಯಾರು?”

“ಡಾಕ್ಟರ್!”

“ಇದು ಎಂತದು?”

“ಸ್ಟೆತಸ್ಕೋಪ್!”

“ಇದು?”

“ಇಂಜೆಕ್ಷನ್!” ಎನ್ನುವಷ್ಟರಲ್ಲಿ ಅರ್ಧ ಮಕ್ಕಳು ಓಡಿ ಆಗಿರುತ್ತಿತ್ತು. ಸರಿ ಉತ್ತರಕ್ಕೆ ಒಂದು ಪೆಪ್ಪರ್‌ಮಿಂಟ್. ತಪ್ಪು ಹೇಳಿದರೆ, “ರಾಂಗ್ ಆನ್ಸರ್! ಪೆಪ್ಪರ್‌ಮಿಂಟ್ ಇಲ್ಲ!” ಇದರಲ್ಲಿ ದೊಡ್ಡವರಿಗೂ ವಿನಾಯಿತಿ ಇರಲಿಲ್ಲ. ದಿನಸಿ ಅಂಗಡಿಯ ಯಜಮಾನರೂ “ನಾನು ಯಾರು?” ಎಂಬ ಪ್ರಶ್ನೆಗೆ ಉತ್ತರ ಕೊಟ್ಟ ಮೇಲೆಯೇ ಮಾವ ಕೈಯೊಡ್ಡುತ್ತಿದ್ದದ್ದು.

ಡಾಕ್ಟರಾದ ವರ್ಷ ಬೆಳ್ತಂಗಡಿಯಲ್ಲಿ ಒಬ್ಬಳು ಅಜ್ಜಿ ಸೀರೆ ಸ್ವಲ್ಪ ಮೇಲೆತ್ತಿ, ಬಾತ ಮೊಣಕಾಲು ಮುಂದೆ ಚಾಚಿಯೇಬಿಟ್ಟಳು. ಬೇರೆ ಯಾರಾದರೂ “ಅಜ್ಜೀ, ನಾನು ವೇಷ” ಅನ್ನುತ್ತಿದ್ದರು. ಮಾವ? ಸ್ಟೆತಸ್ಕೋಪನ್ನು ಮೊಣಕಾಲಿಗೆ ಇಟ್ಟು ಕಣ್ಣು ಮುಚ್ಚಿ ಆಲಿಸಿದರು! “ರೆಸ್ಟ್. ಬಿಸಿನೀರು. ಕುಚ್ಚಲಕ್ಕಿ ಗಂಜಿ. ಸೊಸೆ ಹತ್ರ ಜಗಳ ಸ್ವಲ್ಪ ಕಮ್ಮಿ,” ಎಂದರು. ಮರುವರ್ಷ ಮಾವ ಪೋಸ್ಟ್‌ಮ್ಯಾನ್ ಆಗಿ ಅದೇ ಮನೆಯ ಮುಂದೆ ನಿಂತಾಗ ಅಜ್ಜಿ ಟಪಟಪ ನಡೆದು ಬಂದು, “ಕಳೆದ ಸಲದ ಡಾಕ್ಟ್ರು ಎಲ್ಲಿ? ಅವರ ಕೈಗುಣ ಒಳ್ಳೇದಿತ್ತು ಮಾರಾಯ್ರೆ,” ಎಂದು ಕೇಳಿದಳಂತೆ. “ಟ್ರಾನ್ಸ್‌ಫರ್ ಆಯ್ತು,” ಎಂದರಂತೆ ಮಾವ.

ಯಾಕೆಂದರೆ ಮಾವನದ್ದು ಒಂದು ಕಟ್ಟುನಿಟ್ಟಿನ ನಿಯಮ. ವೇಷ ಕಟ್ಟಿದ ಮೇಲೆ ವೇಷ ಬಿಡುವುದಿಲ್ಲ. ಬಣ್ಣ ಮುಖದಲ್ಲಿ ಇರುವಷ್ಟು ಹೊತ್ತು ಅವರಿಗೆ ಹೆಂಡತಿ ಇಲ್ಲ, ಅಕ್ಕ ಇಲ್ಲ, ಸೋದರಸೊಸೆಯಾದ ನಾನೂ ಇಲ್ಲ. ಮೂಡುಬಿದಿರೆ ಹತ್ತಿರದ ತೋಡಾರಿನಲ್ಲಿ ನಾಯಿ ಅಟ್ಟಿಸಿಕೊಂಡು ಬಂದಾಗಲೂ ಪೋಸ್ಟ್‌ಮ್ಯಾನ್ ಮಾವ ಓಡುತ್ತಲೇ “ನೋ ಲೆಟರ್! ನೋ ಲೆಟರ್!” ಎಂದು ಕೂಗಿದವರು. ಇನ್‌ಸ್ಪೆಕ್ಟರ್ ಆದ ವರ್ಷ ಸ್ವಂತ ಮನೆಯ ಬಾಗಿಲಿಗೂ ಬಂದು ಲಾಠಿಯಿಂದ ಕಂಬ ಕುಟ್ಟಿದರು. ಅತ್ತೆ ಕೈ ಒರೆಸುತ್ತಾ ಹೊರಗೆ ಬಂದರು.

“ಅಮ್ಮಾ, ಮನೆ ಯಜಮಾನ್ರು ಇದ್ದಾರಾ?”

“ಇಲ್ಲ. ಅಂಗಡಿ ಬಾಗಿಲು ಹಾಕಿ ಎಲ್ಲಿಯೋ ತಿರುಗ್ಲಿಕ್ಕೆ ಹೋಗಿದ್ದಾರೆ.”

“ಒಳ್ಳೆ ಜನ ಅಂತ ಕೇಳಿದ್ದೇನೆ.”

“ಅಯ್ಯೋ! ನಿಮ್ಗೆ ಆ ಸುಳ್ಳು ಹೇಳಿದ್ದು ಯಾರು? ಮೊದ್ಲು ಅವರನ್ನು ಅರೆಸ್ಟ್ ಮಾಡಿ!”

ಇಷ್ಟೆಲ್ಲ ಓದಿ ನೀವು ನಗುತ್ತಿದ್ದೀರಿ. ನಗಿ. ನಿಮ್ಮ ಮಾವನಲ್ಲವಲ್ಲ! ನನಗೆ ಅಪ್ಪ ಇರಲಿಲ್ಲ. ಅಮ್ಮ ಮತ್ತು ನಾನು ಇದ್ದದ್ದು ಮಾವನ ಮನೆಯಲ್ಲಿ. ಚಿಕ್ಕವಳಿದ್ದಾಗ ಮಾವನ ಪೆಪ್ಪರ್‌ಮಿಂಟ್ ಚೀಲ ಹಿಡಿದು ಬೀದಿಯುದ್ದಕ್ಕೂ ಮೆರೆದವಳು ನಾನೇ. ಹೈಸ್ಕೂಲಿಗೆ ಬಂದ ಮೇಲೆ ನಾಚಿಕೆ ಶುರುವಾಯಿತು. “ನಿನ್ನ ಮಾವ ಈ ಸಲ ಕಲೆಕ್ಟರಾ, ಕಂಡಕ್ಟರಾ?” ಎಂದು ಹುಡುಗರು ಕೇಳಿದರೆ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸುತ್ತಿತ್ತು. ಒಂದು ಸಲ ಅಳುತ್ತಾ ಮನೆಗೆ ಬಂದು, “ಮಾವ ಯಾಕೆ ಹೀಗೆ?” ಎಂದು ಅಮ್ಮನನ್ನು ಕೇಳಿದ್ದೆ. “ಹರಕೆ,” ಎಂದರು ಅಮ್ಮ. “ಯಾವ ಹರಕೆ?” “ಹರಕೆ ಹೇಳ್ಲಿಕ್ಕಿಲ್ಲ. ಹೋಗು, ಕಾಲು ತೊಳ್ಕೊ.”

ಈಗ ನಾನೇ ಮೂಡುಬಿದಿರೆಯ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಒಂದನೇ ಕ್ಲಾಸಿನ ಟೀಚರ್. ಸೀರೆಗೆ ಪಿನ್ನು, ಕೊರಳಿಗೆ ಐಡಿ ಕಾರ್ಡು. ಸ್ಟಾಫ್ ರೂಮಿನಲ್ಲಿ ಒಬ್ಬರ ಮಾವ ದುಬೈಯಲ್ಲಿ, ಇನ್ನೊಬ್ಬರ ಮಾವ ಬ್ಯಾಂಕ್ ಮ್ಯಾನೇಜರ್. ನನ್ನ ಮಾವ? “ಅವರು ಕಲಾವಿದರು,” ಎಂದು ಹೇಳಿ ಟಿಫಿನ್ ಡಬ್ಬಿಯೊಳಗೆ ಮುಖ ಹಾಕಿಬಿಡುತ್ತೇನೆ. ಅದೂ ಅಲ್ಲದೆ ನನ್ನ ಕೆಲಸ ಇನ್ನೂ ಪರ್ಮನೆಂಟ್ ಆಗಿರಲಿಲ್ಲ. ಹೆಡ್ ಮೇಡಂಗೆ ಎಲ್ಲದರಲ್ಲೂ ‘ಸ್ಟ್ಯಾಂಡರ್ಡ್’ ಬೇಕು. ದಸರಾ ರಜೆಗೆ ಮೊದಲು, ನವರಾತ್ರಿಯ ಮೊದಲ ದಿನವೇ, ನನ್ನ ಕ್ಲಾಸಿನ ‘ನಮ್ಮ ಸುತ್ತಲಿನ ಉದ್ಯೋಗಗಳು’ ಕಾರ್ಯಕ್ರಮ. ಮಕ್ಕಳು ಒಂದೊಂದು ಉದ್ಯೋಗದ ವೇಷ ಹಾಕಿ ಬರಬೇಕು, ಇಂಗ್ಲಿಷಿನಲ್ಲಿ ನಾಲ್ಕು ಮಾತು ಹೇಳಬೇಕು. “ಅದು ನೋಡಿ ನಿಮ್ಮದು ಡಿಸೈಡ್ ಮಾಡುವ,” ಎಂದಿದ್ದರು ಮೇಡಂ.

ವೇಷ! ಇಂಗ್ಲಿಷ್! ಉದ್ಯೋಗ! ದೇವರಿಗೆ ನನ್ನ ಮೇಲೆ ಎಷ್ಟು ಸಿಟ್ಟಿದ್ದಿರಬೇಕು, ಹೇಳಿ!

ಅದರ ಹಿಂದಿನ ಭಾನುವಾರ ಚಾರ್ಟು ಅಂಟಿಸಲಿಕ್ಕೆಂದು ಬಂಟ್ವಾಳಕ್ಕೆ, ಮಾವನ ಮನೆಗೆ ಹೋಗಿದ್ದೆ. ಮಾವ ಚಾರ್ಟನ್ನು ಅಂಗಳದ ಬೆಳಕಿಗೆ ಹಿಡಿದು ನೋಡಿದರು.

“ಇದು ಯಾರು ಮಗಳೇ, ತಲೆಗೆ ಬಿಳಿ ಟೊಪ್ಪಿ ಹಾಕಿದವ?”

“ಶೆಫ್. ಅಡುಗೆಯವರು.”

“ನಮ್ಮ ಅಡಿಗೆ ಭಟ್ರು ಮೈಗೇ ಅಂಗಿ ಹಾಕುವುದಿಲ್ಲ, ತಲೆಗೆ ಟೊಪ್ಪಿ ಹಾಕ್ತಾರಾ? ಬೀಡಿ ಕಟ್ಟುವವರು ಎಲ್ಲಿ? ತೆಂಗಿನಕಾಯಿ ಕೀಳುವವ ಎಲ್ಲಿ? ಬಸ್ಸಿನ ಕ್ಲೀನರ್ ಎಲ್ಲಿ? ಈ ಚಾರ್ಟಿನಲ್ಲಿ ನಮ್ಮ ಊರಿನವರು ಒಬ್ಬರೂ ಇಲ್ಲ ಮಾರಾಯ್ತಿ!”

“ಸಿಲೆಬಸ್ಸಿನಲ್ಲಿ ಇರುವುದು ಇಷ್ಟೇ ಮಾವ,” ಎಂದು ಚಾರ್ಟು ಎಳೆದುಕೊಂಡೆ. ಆಮೇಲೆ ಕೇಳಬೇಕೆಂದು ಇದ್ದದ್ದನ್ನು ಕೇಳಿದೆ. “ಈ ವರ್ಷ ಎಂತ ವೇಷ?”

“ಹೇಳುವುದಿಲ್ಲ.”

“ಎಂತದಾದ್ರೂ ಆಗ್ಲಿ ಮಾವ, ನನ್ನ ಶಾಲೆ ಕಡೆ ಮಾತ್ರ ಬರಬೇಡಿ. ನನ್ನ ಮರ್ಯಾದೆ ಪ್ರಶ್ನೆ ಉಂಟು.”

ಮಾವ ಜಗಳ ಮಾಡಬಹುದು, ತಮಾಷೆ ಮಾಡಬಹುದು ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. “ಇಲ್ಲ ಮಗಳೇ. ನಿನ್ನ ಗೇಟಿನ ಒಳಗೆ ನಾನಾಗಿ ಕಾಲಿಡುವುದಿಲ್ಲ, ಆಯ್ತಾ?” ಎಂದು ಒಳಗೆ ಹೋಗಿ ನನಗೊಂದು ಶರಬತ್ತು ಮಾಡಿ ತಂದರು. ಅದನ್ನು ಕುಡಿಯುವಾಗಲೂ ನನಗೆ ನಾಚಿಕೆಯೇ ಆಯಿತು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ. ಹೊರಡುವಾಗ ಅತ್ತೆಯ ಹತ್ತಿರ, ಫಾಲ್ ಹಚ್ಚಲು ಕೊಟ್ಟ ನನ್ನ ನೀಲಿ ಕಾಟನ್ ಸೀರೆ ಆಯಿತೇ ಎಂದು ಕೇಳಿದೆ. “ಇನ್ನೂ ಆಗ್ಲಿಲ್ಲ,” ಎಂದು ಅತ್ತೆ ಎಲ್ಲಿಯೋ ನೋಡುತ್ತಾ ಹೇಳಿದರು.

ಕಾರ್ಯಕ್ರಮದ ದಿನ ಅರ್ಧ ಕ್ಲಾಸು ಡಾಕ್ಟರು, ಉಳಿದರ್ಧ ಪೊಲೀಸರು. ರೋಗಿಯೂ ಇಲ್ಲ, ಕಳ್ಳನೂ ಇಲ್ಲ! ಹೆತ್ತವರೆಲ್ಲ ಮೊಬೈಲು ಎತ್ತಿ ಕುಳಿತಿದ್ದರು. ಮೊದಲನೇ ಡಾಕ್ಟರ್ “ಐ ಆ್ಯಮ್ ಎ ಡಾಕ್ಟರ್” ಎಂದು ಹೇಳಿ ಅಮ್ಮನ ಮುಖ ಕಂಡು ಅಳಲು ಶುರುಮಾಡಿದ. ಅವನನ್ನು ಕಂಡು ಇಬ್ಬರು ಇನ್‌ಸ್ಪೆಕ್ಟರುಗಳೂ ಅತ್ತರು. ಹೆಡ್ ಮೇಡಂ ಗಡಿಯಾರ ನೋಡಿದರು. ಅಷ್ಟರಲ್ಲಿ ರಸ್ತೆಯ ಕಡೆಯಿಂದ ಗಂಟೆ ಅಲ್ಲಾಡಿಸುವ ಸದ್ದು ಕೇಳಿಸಿತು. ಆ ಗಂಟೆ ನನಗೆ ಗೊತ್ತು. ಹುಟ್ಟಿದಂದಿನಿಂದ ಗೊತ್ತು!

ಅಳುತ್ತಿದ್ದವರೆಲ್ಲ ಅಳು ನಿಲ್ಲಿಸಿ ಗೇಟಿಗೆ ಓಡಿದರು. ಗೇಟಿನ ಆಚೆ, ಸರಿಯಾಗಿ ಆಚೆಯೇ, ನನ್ನ ನೀಲಿ ಕಾಟನ್ ಸೀರೆ ನಿಂತಿತ್ತು. ಒಳಗೆ ಮಾವ! ಹೆಗಲಿಗೆ ಪಿನ್ನು, ಕೊರಳಲ್ಲಿ ರಟ್ಟಿನ ಐಡಿ ಕಾರ್ಡು, ಒಂದು ಕೈಯಲ್ಲಿ ಗಂಟೆ, ಇನ್ನೊಂದರಲ್ಲಿ ಕೊಡೆ, ಗಾಜಿಲ್ಲದ ಕನ್ನಡಕ, ಕಿವಿಯ ಹಿಂದೆ ಚಾಕ್‌ಪೀಸು. “ಟೀಚರ್! ನೀವು ಅಲ್ಲಿಯೂ ಇದ್ದೀರಿ!” ಎಂದು ಒಬ್ಬಳು ಹುಡುಗಿ ನನ್ನನ್ನೂ ಅವರನ್ನೂ ನೋಡಿ ಚೀರಿದಳು.

“ತುಂಬ ಚೆನ್ನಾಗಿದೆ, ಒಳಗೆ ಕರೀರಿ,” ಎಂದರು ಹೆಡ್ ಮೇಡಂ. ನಾನು ಬಾಗಿಲ ಬದಿಗೆ ಸರಿದು ನಿಂತೆ.

ಮಾವ ಒಳಗೆ ಬಂದರು. ಹೇಗೆ ಬಂದರು ಅನ್ನುತ್ತೀರಿ! ಸೆರಗಿನ ಪಿನ್ನು ಮುಟ್ಟಿ ನೋಡಿಕೊಳ್ಳುವುದು, ಕರ್ಚೀಫಿನಿಂದ ಕುರ್ಚಿ ಒರೆಸಿ ಕೂರುವುದು, ಮಾತಿಗೊಮ್ಮೆ ವಾಚು ನೋಡುವುದು, ಎಲ್ಲ ನಾನೇ. ಸಹೋದ್ಯೋಗಿಗಳು ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ನನ್ನ ಕಿವಿ ಕಾದು ಹೋಗಿತ್ತು. ಮಾವ ನನ್ನತ್ತ ಒಮ್ಮೆಯೂ ನೋಡಲಿಲ್ಲ.

“ಮಕ್ಕಳೇ, ನಾನು ಯಾರು?”

“ಟೀಚರ್!”

“ಟೀಚರ್ ಎಂತ ಮಾಡ್ತಾರೆ?”

“ಬೈತಾರೆ!”

“ಅದೂ ಮಾಡ್ತಾರೆ. ಇಂಗ್ಲಿಷಿನಲ್ಲಿ ಹೇಳಿ, ಟೀಚರ್ ಟೀಚಸ್!”

ಇಡೀ ಕ್ಲಾಸು ಗಂಟಲು ಬಿರಿಯುವ ಹಾಗೆ ಹೇಳಿತು. ಅಳುಬುರುಕ ಡಾಕ್ಟರ್ ಈಗ ಎಲ್ಲರಿಗಿಂತ ಮುಂದೆ ಬಂದು ತನ್ನ ನಾಲ್ಕೂ ಮಾತು ಒಪ್ಪಿಸಿದ. ಪೆಪ್ಪರ್‌ಮಿಂಟ್ ಹಂಚಿಕೆ ಮುಗಿದ ಮೇಲೆ ಹೆಡ್ ಮೇಡಂ ಹತ್ತಿರ ಬಂದು, “ಪ್ರತಿ ವರ್ಷ ವೇಷ ಹಾಕ್ತೀರಾ?” ಎಂದು ಕೇಳಿದರು.

“ಇದು ಕಡೇದು ಮೇಡಂ. ಹರಕೆ ತೀರ್ತು,” ಎಂದರು ಮಾವ, ಟೀಚರಿನ ಸಣ್ಣ ಧ್ವನಿಯಲ್ಲೇ.

“ಯಾವ ಹರಕೆ?”

“ತೀರಿದ ಮೇಲೆ ಹೇಳಬಹುದು. ನಮ್ಮ ಮನೆಯಲ್ಲಿ ಒಂದು ಹೆಣ್ಣು ಮಗು ಇತ್ತು. ಅಪ್ಪ ಇಲ್ಲ. ಅವಳು ಓದಿ ಒಂದು ಒಳ್ಳೆ ಕೆಲಸಕ್ಕೆ ಸೇರುವವರೆಗೆ ವರ್ಷ ವರ್ಷ ವೇಷ ಹಾಕ್ತೇನೆ ಅಂತ ದೇವಿಗೆ ಹೇಳಿಕೊಂಡೆ. ಆದ್ರೆ ಯಾವ ಕೆಲಸ ಅಂತ ಕೇಳ್ಲಿ? ನಾನು ಓದಿದವಳಲ್ಲ ಮೇಡಂ, ನನಗೇ ಗೊತ್ತಿಲ್ಲ. ಲೋಕದಲ್ಲಿ ಎಂತೆಲ್ಲ ಉಂಟು ಅಂತ ಅವಳಿಗೆ ಕಾಣ್ಬೇಕಲ್ವಾ? ಅದಕ್ಕೆ ಒಂದೊಂದು ವರ್ಷ ಒಂದೊಂದು ಹಾಕಿ ತೋರಿಸಿದೆ.”

“ಕೆಲಸ ಸಿಕ್ಕಿತಾ ಅವಳಿಗೆ?”

“ಸಿಕ್ಕಿತು ಮೇಡಂ. ಪರ್ಮನೆಂಟ್ ಆಗ್ಲಿಲ್ಲ ಅಷ್ಟೇ.”

ಹೆಡ್ ಮೇಡಂ ನಕ್ಕರು. ಅವರಿಗೆ ಏನೂ ಗೊತ್ತಾಗಿರಲಿಲ್ಲ. ಮಾವ ಹೆಸರು ಹೇಳಿರಲಿಲ್ಲ, ಊರು ಹೇಳಿರಲಿಲ್ಲ, ನನ್ನ ಕಡೆ ಬೆರಳೂ ತೋರಿಸಿರಲಿಲ್ಲ. ನಮ್ಮ ಸಂಬಂಧವನ್ನು ಅವರು ಜೋಪಾನವಾಗಿ ಗೇಟಿನ ಹೊರಗೇ ಇಟ್ಟು ಬಂದಿದ್ದರು. ಪೈಲಟ್, ವಕೀಲ, ಡಾಕ್ಟರ್, ಎಲ್ಲ ನನಗಾಗಿ! ನಾಚಿಕೆ ಅಂದರೆ ಏನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ. ಗೊತ್ತಾದದ್ದು ಆಗ.

ಮಾವ ಕೊಡೆ ಎತ್ತಿಕೊಂಡು ಹೊರಟರು. ಬಾಗಿಲ ಬಳಿ ನಾನು ನಿಂತಿದ್ದೆ. ದಾಟಿ ಹೋಗಬಹುದಿತ್ತು. ಆದರೆ ನಿಯಮ ನಿಯಮವೇ ಅಲ್ಲವೇ? ಕೇಳದೆ ಯಾರನ್ನೂ ಬಿಡುವ ಹಾಗಿಲ್ಲ.

“ಮೇಡಂ, ನಿಮ್ಮದೊಂದು ಬಾಕಿ ಉಂಟು. ನಾನು ಯಾರು?”

ಟೀಚರ್ ಎಂದು ಹೇಳು, ಹೇಳಿ ಮುಗಿಸು, ಎಂದು ಅವರ ಕಣ್ಣು ಕನ್ನಡಕದ ಒಳಗಿಂದ ಸನ್ನೆ ಮಾಡುತ್ತಿತ್ತು. ಮಕ್ಕಳು, ಹೆತ್ತವರು, ಸ್ಟಾಫ್ ರೂಮು, ಹೆಡ್ ಮೇಡಂ, ಎಲ್ಲರೂ ನೋಡುತ್ತಿದ್ದರು.

“ನನ್ನ ಮಾವ,” ಎಂದೆ. ಮೆಲ್ಲಗೆ ಹೇಳಿದೆನೋ ಎಂದು ಅನುಮಾನವಾಗಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. “ಇವರು ನನ್ನ ಸ್ವಂತ ಮಾವ.”

ಮಾವ ಗಾಜಿಲ್ಲದ ಕನ್ನಡಕದ ಒಳಗೆ ಬೆರಳು ತೂರಿಸಿ ಕಣ್ಣು ಒರೆಸಿಕೊಂಡರು. ಕಾಡಿಗೆ ಕೆನ್ನೆಯವರೆಗೆ ಹರಡಿತು. ಕನ್ನಡಕದೊಳಗೆ ಬೆರಳು ಹೋದದ್ದು ಕಂಡು ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಮಾವ ಸೆರಗಿನ ಪಿನ್ನು ಮುಟ್ಟಿ, ಒಮ್ಮೆ ವಾಚು ನೋಡಿಕೊಂಡರು.

“ರಾಂಗ್ ಆನ್ಸರ್, ಮೇಡಂ,” ಎಂದರು. “ಪೆಪ್ಪರ್‌ಮಿಂಟ್ ಇಲ್ಲ.”