ಫಿಯೆಟ್ಟಿನ ಎಡಗಡೆ ಸೀಟು

“ಈಗಿನವೂ ಒಂದು ರೇಸೇನೇ? ಟೀವಿಯಾಗೆ ತೋರಿಸ್ತಾರಲ್ಲ, ನೆಲಕ್ಕೆ ಅಂಟ್ಕೊಂಡು ಹೋಗೋ ಡಬ್ಬಿಗಳು. ಅವುಕ್ಕೆ ಡಿಕ್ಕಿ ಐತಾ? ಹಿಂದ್ಲ ಸೀಟು ಐತಾ? ಒಂದು ಮೂಟೆ ಶೇಂಗಾ ಹೇರ್ಕೊಂಡು ಬಾ ಅಂದ್ರೆ ಬರ್ತಾವಾ? ನಮ್ಮವು ಕಾರು ಅಂದ್ರೆ ಕಾರು ಕಣೇ. ಶನಿವಾರ ಸಂಜಿತನಕ ಹಿಂಡಿ ಮೂಟೆ ಹೊತ್ತು, ಭಾನುವಾರ ಬೆಳಿಗ್ಗೆ ಮೈ ತೊಳ್ಕೊಂಡು ರೇಸಿಗೆ ನಿಲ್ತಿದ್ವು. ಶೋರೂಮಿನಾಗೆ ಹೆಂಗೆ ಕೊಟ್ಟಿದ್ರೋ ಹಂಗೇ ಇರ್ಬೇಕು, ಒಂದು ಮೊಳೆ ಹೆಚ್ಚಿಲ್ಲ, ಒಂದು ಮೊಳೆ ಕಮ್ಮಿ ಇಲ್ಲ. ಓಡ್ಸೋನಿಗೆ ಗುಂಡಿಗೆ ಇದ್ರೆ ಸಾಕಾಗ್ತಿತ್ತು. ಚಳ್ಳಕೆರೆ ಬಿಟ್ರೆ ತಳಕು, ತಳಕು ಬಿಟ್ರೆ ಹಾನಗಲ್ಲು, ಹಾನಗಲ್ಲು ಬಿಟ್ರೆ ಮೊಳಕಾಲ್ಮುರು. ನನ್ನ ಫಿಯೆಟ್ಟಿನ ಸದ್ದು ಕೇಳಿದ್ರೆ ಆ ರೋಡು ತಾನೇ ಮಗ್ಗಲು ಸರಿದು ದಾರಿ ಬಿಡ್ತಿತ್ತು. ಮಾರುತಿ ಇಟ್ಕೊಂಡೋರು ನನ್ನ ಹಿಂದೆ ಧೂಳು ತಿಂದೂ ತಿಂದೂ ಮಧ್ಯಾಹ್ನ ಊಟ ಬ್ಯಾಡ ಅಂತಿದ್ರು. ಬರೋ ಭಾನುವಾರ ಇನ್ನೊಂದ್ಸಲ ತೋರಿಸ್ತೀನಿ ನೋಡು. ಮುರುಗೇಂದ್ರಪ್ಪ ಮುದುಕ ಆಗಿರಬೋದು, ಅವನ ಸ್ಟೇರಿಂಗು ಮುದುಕ ಆಗಿಲ್ಲ.”

ಇದಿಷ್ಟನ್ನೂ ಒಂದೇ ಸಮನೆ ಹೇಳಿ ಮುಗಿಸಿ ಮುರುಗೇಂದ್ರಪ್ಪನವರು ತಟ್ಟೆಯಲ್ಲಿ ಉಳಿದಿದ್ದ ಮಂಡಕ್ಕಿಯನ್ನು ಬಾಯಿಗೆ ಸುರಿದುಕೊಂಡರು. ಹೆಂಡತಿ ಬಸವಲಿಂಗಮ್ಮ ಹೂಂಗುಟ್ಟಿದಳು. ಈ ಮಾತನ್ನು ಅವಳು ಎಷ್ಟು ಸಲ ಕೇಳಿದ್ದಳೆಂದರೆ, ಗಂಡ ಎಲ್ಲಿ ಉಸಿರು ಎಳೆದುಕೊಳ್ಳುತ್ತಾರೆ, ಎಲ್ಲಿ ಮೀಸೆ ಮುಟ್ಟಿಕೊಳ್ಳುತ್ತಾರೆ ಎಂಬುದೂ ಬಾಯಿಪಾಠವಾಗಿತ್ತು. ಕೇಳುವುದರಲ್ಲಿ ಅವಳನ್ನು ಮೀರಿಸಿದವರು ಬೀದಿಯಲ್ಲೇ ಇರಲಿಲ್ಲ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳು, ಓದಿ ತಿಳಿದದ್ದು ಕಡಿಮೆ, ಕೇಳಿ ತಿಳಿದದ್ದೇ ಎಲ್ಲ. ಹಾಗಾಗಿ ಈ ಕಥೆಯಲ್ಲಿ ಏನು ಇಲ್ಲ ಎಂಬುದೂ ಅವಳಿಗೆ ಗೊತ್ತಿತ್ತು. ಕಥೆಯಲ್ಲಿ ಎಡಗಡೆ ಸೀಟು ಯಾವಾಗಲೂ ಖಾಲಿ ಇರುತ್ತಿತ್ತು.

ಆ ಸೀಟಿನಲ್ಲಿ ಕೂರುತ್ತಿದ್ದವನು ಸಿದ್ದಾಪುರದ ಜುಂಜಣ್ಣ. ಕುರಿ ಸಾಕುವ ಮನೆತನದವನು, ಮುರುಗೇಂದ್ರಪ್ಪನವರ ಜೊತೆ ಮೊಳಕಾಲ್ಮುರು ಸ್ಕೂಲಿನಲ್ಲಿ ಒಂದೇ ಮಣೆಯ ಮೇಲೆ ಕೂತವನು. ಹತ್ತು ಜನರ ಮುಂದೆ ‘ಸಾವ್ಕಾರ್ರೆ’ ಅನ್ನುತ್ತಿದ್ದ, ಕಾರಿನ ಬಾಗಿಲು ಹಾಕಿಕೊಂಡ ಕೂಡಲೇ ‘ಲೇ’ ಅನ್ನುತ್ತಿದ್ದ.

ಆ ರೇಸಿನ ರೀತಿಯೇ ಬೇರೆ. ಜೋರಾಗಿ ಓಡಿಸಿದವನು ಗೆದ್ದ ಅಂತಿಲ್ಲ. ಹೇಳಿದ ಜಾಗಕ್ಕೆ ಹೇಳಿದ ಗಳಿಗೆಗೆ ಸರಿಯಾಗಿ ಮುಟ್ಟಬೇಕು. ತಡವಾದರೆ ತಪ್ಪು, ಬೇಗ ಹೋದರೆ ಇನ್ನೂ ದೊಡ್ಡ ತಪ್ಪು. ಅದಕ್ಕೇ ಎಡಗಡೆ ಒಬ್ಬ ಗಡಿಯಾರ ಹಿಡಿದು ಕೂತು, ಈಗ ಬಿಡು, ಈಗ ಹಿಡಿ ಎಂದು ಹೇಳುತ್ತಾ ಹೋಗಬೇಕು.

ತೊಂಬತ್ತೆರಡರ ಬೇಸಿಗೆಯಲ್ಲಿ, ಕೊನೆಯ ರೇಸಿನಲ್ಲಿ, ಮುರುಗೇಂದ್ರಪ್ಪನವರು ಮೊಳಕಾಲ್ಮುರಿಗೆ ಎಷ್ಟು ಮುಂಚೆ ಮುಟ್ಟಿದರೆಂದರೆ ಬಾವುಟ ಹಿಡಿಯುವವನು ಇನ್ನೂ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದ. ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕಡೆಯವರಾದರು. ಜುಂಜ ಕಂಬದಂತೆ ಕೂತಿದ್ದ, ಒಂದು ಮಾತು ಆಡಲಿಲ್ಲ, ಬೇಕೆಂದೇ ಮಾನ ಕಳೆದ ಎಂದು ಇವರು ಮನೆಗೆ ಬಂದು ಕೂಗಾಡಿದರು. ಜುಂಜಣ್ಣ ಅಲ್ಲೇ ಕಾರಿಳಿದು ಸಿದ್ದಾಪುರದ ಕಡೆ ನಡೆದುಬಿಟ್ಟಿದ್ದ. ಆಮೇಲೊಮ್ಮೆ ಸಂತೆಯಲ್ಲಿ ಸಿಕ್ಕಿದ ಅವನ ಹೆಂಡತಿ ಪಾಲಮ್ಮ, “ಸಾವ್ಕಾರ್ರಿಗೆ ಮಕ ತೋರ್ಸಲ್ಲ ಅಂತಾನಕ್ಕ ನಮ್ಮೋನು” ಎಂದು ಕಣ್ಣೊರೆಸಿಕೊಂಡಳು. ಎಷ್ಟು ಸಿಟ್ಟಿರಬೇಕು ಅವನಿಗೆ ಎಂದುಕೊಂಡಳು ಬಸವಲಿಂಗಮ್ಮ. ಹನ್ನೊಂದು ವರ್ಷ ಎರಡೂ ಮನೆಗಳ ನಡುವೆ ಒಂದು ಕಂಬಳಿ ಬರಲಿಲ್ಲ, ಒಂದು ಡಬ್ಬಿ ಎಣ್ಣೆ ಹೋಗಲಿಲ್ಲ. ಎಣ್ಣೆ ಗಿರಣಿಯನ್ನು ಮಗನಿಗೆ ವಹಿಸಿ ಮನೆಯಲ್ಲಿ ಕೂತ ಮೇಲಂತೂ ಮುರುಗೇಂದ್ರಪ್ಪನವರಿಗೆ ರೇಸಿನ ಕಥೆ ಹೇಳಲು ಹೆಂಡತಿ, ಗೋಡೆ, ಎರಡೇ ಉಳಿದವು.

ಈಗ ಚಳ್ಳಕೆರೆಯ ವರ್ತಕರು ಹಳೆಯ ಕಾರುಗಳನ್ನು ಹೊರಗೆ ತೆಗೆದು ಬರುವ ಭಾನುವಾರ ಇನ್ನೊಂದು ಸಲ ಓಡಿಸೋಣವೆಂದು ಮಾತಾಡಿಕೊಂಡಿದ್ದರು, ಸುದ್ದಿ ಸಿದ್ದಾಪುರದ ತನಕ ಹಬ್ಬಿತ್ತು. ಒಂದು ಕಾರಿಗೆ ಇಬ್ಬರು ಇರಲೇಬೇಕು. ಬಸವಲಿಂಗಮ್ಮನಿಗೆ ಇದೇ ತಕ್ಕ ಸಮಯವೆನಿಸಿತು. ಸಿದ್ದಾಪುರಕ್ಕೆ ಒಂದು ಮಾತು ಹೇಳಿ ಕಳಿಸಬಾರದೇ ಎಂದಳು. ಗಂಡ ಕೆಂಡವಾದರು.

“ಆ ಕಂಬಾನಾ? ಅವನಿಗಿಂತ ನೀನೇ ವಾಸಿ. ಗಡಿಯಾರ ನೋಡಕ್ಕೆ ಬರ್ತೈತಲ್ಲ ನಿಂಗೆ? ನೀನೇ ಬಾ.”

ಹೀಗೆ ಬಸವಲಿಂಗಮ್ಮನಿಗೆ ಅರವತ್ತು ದಾಟಿದ ಮೇಲೆ ರೇಸಿನ ಕೆಲಸ ಸಿಕ್ಕಿತು.

ಶುಕ್ರವಾರ ಬೆಳಿಗ್ಗೆ ಸುಮ್ಮನೆ ಒಂದು ಸುತ್ತು ಓಡಿಸಿ ನೋಡುವುದೆಂದು ತೀರ್ಮಾನವಾಯಿತು. ತಿಂಡಿಯಾದ ಮೇಲೆ ಎಂದಿದ್ದರು. ತಿಂಡಿಗೆ ಇನ್ನೂ ಹೊತ್ತಿತ್ತು. ಅಂಗಳದಲ್ಲಿ ಫಿಯೆಟ್ಟು ಮೈ ತೊಳೆದುಕೊಂಡು ಬಿಸಿಲಿಗೆ ನಿಂತಿತ್ತು. ಅದರ ನೆತ್ತಿ ನೋಡಿದಳು ಬಸವಲಿಂಗಮ್ಮ. ಅಗಲವಾಗಿದೆ, ಚೊಕ್ಕವಾಗಿದೆ, ಹೆಂಚಿನಂತೆ ಕಾಯುತ್ತಿದೆ, ಕೋಳಿಗೆ ಎಟಕುವುದಿಲ್ಲ. ಸಂಡಿಗೆ ಇಡಲು ಇದಕ್ಕಿಂತ ಒಳ್ಳೆಯ ಜಾಗ ಮೂರು ತಾಲ್ಲೂಕಿನಲ್ಲಿ ಸಿಗದು. ಸ್ಟೂಲು ಹತ್ತಿ, ಹಳೇ ಪಂಚೆ ಒದ್ದೆ ಮಾಡಿ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಕಾಯಿಸಿದ ಹಿಟ್ಟನ್ನು ಸಾಲಾಗಿ ಇಟ್ಟು ಇಳಿದಳು. ಕೈ ತೊಳೆಯಲು ಒಳಗೆ ಹೋಗಿದ್ದಾಳೆ, ಹೊರಗೆ ಹಾರನ್ ಕೂಗಿತು. ಯಜಮಾನರಿಗೆ ತಿಂಡಿಯ ತನಕ ತಾಳ್ಮೆಯಿರಲಿಲ್ಲ. ಕಾರಿನ ನೆತ್ತಿಯ ಮೇಲೇನಿದೆ ಎಂದು ಕಾಣುವಷ್ಟು ಎತ್ತರವನ್ನೂ ಶಿವ ಅವರಿಗೆ ಕೊಟ್ಟಿರಲಿಲ್ಲ.

ಓಡಿ ಬಂದು ಎಡಗಡೆ ಬಾಗಿಲು ತೆಗೆಯುವಷ್ಟರಲ್ಲಿ ಕಾರು ಚಲಿಸತೊಡಗಿತ್ತು. ಹತ್ತಿಕೊಂಡಳು. “ರೀ, ಮೇಲೆ ಸಂಡಿಗೆ ಐತೆ, ನಿಲ್ಸಿ” ಎಂದಳು. ಅವರು ಇಂಜಿನ್ನಿನ ಸದ್ದಿಗೆ ತಲೆದೂಗುತ್ತಾ ಗೇರು ಬದಲಾಯಿಸಿದರು. ಮತ್ತೆ ಹೇಳಿದಳು. ಅವರು ಮೀಸೆ ಮುಟ್ಟಿಕೊಂಡರು. ಬೀದಿಯ ತಿರುವಿನಲ್ಲಿ ಮೂರನೇ ಸಲ ಹೇಳಿ ಸುಮ್ಮನಾದಳು. ಕೇಳಿಯೂ ಕೇಳದಂತಿರುವುದು ಅವರ ಹಳೇ ಗತ್ತು, ರೇಸಿನವರಿಗೆ ಸಂಡಿಗೆ ಯಾವ ಲೆಕ್ಕ ಎಂದುಕೊಂಡಳು.

ಪೇಟೆಯಲ್ಲಿ ಜನ ಬೆರಳು ಮಾಡಿ ತೋರಿಸತೊಡಗಿದರು. ಕಿರಾಣಿ ಅಂಗಡಿಯವರು ಗಲ್ಲಾ ಬಿಟ್ಟೆದ್ದು ಬಂದು ಕೈ ಬೀಸಿದರು. ಸರ್ಕಲ್ಲಿನ ಪೊಲೀಸು ಎರಡೂ ಕೈ ಮೇಲೆತ್ತಿದ. ಮುರುಗೇಂದ್ರಪ್ಪನವರ ಕಣ್ಣು ಒದ್ದೆಯಾಯಿತು. ಬಲಗೈಯನ್ನು ಕಿಟಕಿಯಿಂದಾಚೆ ಚಾಚಿ ಎಲ್ಲರಿಗೂ ನಮಸ್ಕಾರ ಮಾಡಿದರು. ಊರು ತಮ್ಮನ್ನು ಮರೆತಿಲ್ಲ ಎಂದು ಹೆಂಡತಿಗೆ ಹೇಳಿದರು.

ಊರು ದಾಟಿದ ಮೇಲೆ ಕಾಲು ಒತ್ತಿದರು. ಬಲಗಡೆ ಕಿಟಕಿಯಲ್ಲಿ ಗಾಳಿ ಬೋರೆಂದು ನುಗ್ಗಿತು. ಮೊದಲು ಹಿಂದಿನ ಎರಡು ಕಲ್ಲು ಜಾರಿ ಡಿಕ್ಕಿಯ ಮೇಲೆ ಟಣ್ಣೆಂದು ಬಿದ್ದು ಹೋದವು. ಬಸವಲಿಂಗಮ್ಮ ಈಗ ನಿಜವಾಗಿಯೂ ಕೂಗಿದಳು. ಗಾಳಿ ಬಡಿದು ಪಂಚೆ ಮೇಲೆದ್ದು ಪಟಪಟ ಹೊಡೆದುಕೊಳ್ಳುವುದು ಅವಳಿಗೆ ಕೇಳುತ್ತಿತ್ತು. ತಳಕು ಇನ್ನೇನು ಬಂತು ಅನ್ನುವಲ್ಲಿ ಎಮ್ಮೆಯೊಂದು ರಸ್ತೆಗೆ ಬಂತು, ಇವರು ಬ್ರೇಕ್ ಹಾಕಿದರು. ಕಾರು ನಿಧಾನವಾಯಿತು, ಪಂಚೆ ನಿಧಾನವಾಗಲಿಲ್ಲ. ಸಂಡಿಗೆ ಸಮೇತ ಮುಂದಕ್ಕೆ ಹಾರಿ ಇಡೀ ಗಾಜಿನ ಮೇಲೆ ಮದುವೆಯ ಅಂತರಪಟದಂತೆ ಇಳಿದು ಅಂಟಿಕೊಂಡಿತು. ಮುರುಗೇಂದ್ರಪ್ಪನವರ ಪಾಲಿಗೆ ಹಾಡುಹಗಲು ಮಾಯವಾಯಿತು. ಕಾರು ರಸ್ತೆ ಬಿಟ್ಟು ತಗ್ಗಿಗಿಳಿದು, ದೊಡ್ಡದೊಂದು ಶೇಂಗಾ ಬಳ್ಳಿಯ ಬಣವೆಯೊಳಕ್ಕೆ ಮೂಗು ತೂರಿಸಿ, ನಿಟ್ಟುಸಿರು ಬಿಟ್ಟು ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಎಮ್ಮೆ ತನ್ನ ಪಾಡಿಗೆ ಹೋಯಿತು. ಮುರುಗೇಂದ್ರಪ್ಪನವರು ಇಳಿದು, ಬಾನೆಟ್ಟಿನ ಮೇಲಿನ ಹಿಟ್ಟನ್ನು ಬೆರಳಿನಿಂದ ತೆಗೆದು ಮೂಸಿ, ಸುತ್ತಿ ಬಂದು ತಮ್ಮ ಬಲಕ್ಕೆ ನಿಂತ ಹೆಂಡತಿಯನ್ನು ನೋಡಿದರು.

“ಕಂಬದಂಗೆ ಕೂತಿದ್ಯಲ್ಲೇ. ಒಂದು ಮಾತು ಹೇಳ್ಬಾರ್ದಾ? ಥೇಟು ಆ ಜುಂಜನ ಹಂಗೇ.”

“ಮನೆ ಬಾಗ್ಲಿಂದ ಹೇಳ್ಕೊಂಡೇ ಬಂದೆನಲ್ರೀ.”

“ಯಾವಾಗ ಹೇಳ್ದೆ?”

ಅಷ್ಟರಲ್ಲಿ ಬಣವೆಯ ಒಡತಿ ಹುಚ್ಚಕ್ಕ ಸೊಂಟಕ್ಕೆ ಕೈಕೊಟ್ಟುಕೊಂಡು ಬಂದು ಅವರ ಎಡಗಡೆ ನಿಂತಳು. ಬಣವೆ ಏನು ನಿಮ್ಮಪ್ಪನ ಮನೆ ಗ್ಯಾರೇಜಾ ಎಂದು ಕೇಳಿದಳು. ಉತ್ತರ ಬರಲಿಲ್ಲ. ಇನ್ನೊಮ್ಮೆ ಕೇಳಿದಳು. ಅವರು ತಿರುಗಿಯೂ ನೋಡಲಿಲ್ಲ. ಆಗ ಹುಚ್ಚಕ್ಕ ಅವರನ್ನು ಬಿಟ್ಟು ಬಸವಲಿಂಗಮ್ಮನ ಕಡೆ ಬಂದಳು.

“ಯವ್ವಾ, ನಿನ್ ಗಂಡಂಗೆ ಆ ಕಡೆ ಕಿವಿ ಕೇಳಾಕಿಲ್ಲೇನು?”

ಬಸವಲಿಂಗಮ್ಮ ಮೆಲ್ಲಗೆ ಸುತ್ತಿ ಹೋಗಿ ಗಂಡನ ಎಡಗಡೆ, ತುಸು ಹಿಂದಕ್ಕೆ ನಿಂತಳು. “ರೀ, ಈ ಫಿಯೆಟ್ಟನ್ನ ಗುಜರಿಗೆ ಹಾಕಿಬಿಡಾನ” ಎಂದಳು. ಅವರು ಗಾಜು ಒರೆಸುತ್ತಲೇ ಇದ್ದರು. ಬಲಗಡೆಗೆ ಬಂದು ಅದೇ ಮಾತನ್ನು ಅರ್ಧ ದನಿಯಲ್ಲಿ ಹೇಳಿದಳು.

“ಯಾವಳೇ ಅವ್ಳು ಗುಜರಿ ಅಂದೋಳು?”

ಹುಚ್ಚಕ್ಕ ನಕ್ಕಳು. ಬಸವಲಿಂಗಮ್ಮನಿಗೆ ನಗು ಬರಲಿಲ್ಲ. ಎದುರಿಗೆ ತಳಕಿನ ಮನೆಗಳು ಕಾಣುತ್ತಿದ್ದವು. ಅವಳ ತೌರು ಅದೇ. ಆ ಕೊನೆಯ ರೇಸಿನ ಹಿಂದಿನ ದಿನ, ಕಾರು ತೊಳೆಯುತ್ತಿದ್ದ ಗಂಡನ ಎಡಪಕ್ಕದಲ್ಲಿ ನಿಂತು, ಅವ್ವ ಕಾರು ನೋಡಬೇಕಂತೆ, ಬಾಗಿಲ ಮುಂದೆ ಒಂದು ಗಳಿಗೆ ನಿಲ್ಲಿಸಿ ಮಜ್ಜಿಗೆ ಕುಡಿದು ಹೋಗಿ ಎಂದು ಕೇಳಿದ್ದಳು. ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಾರನೇ ದಿನ ಅವ್ವ ಚೊಂಬು ಹಿಡಿದು ಹೊಸ್ತಿಲಲ್ಲಿ ನಿಂತೇ ಇದ್ದಳು, ಕಾರು ಧೂಳೆಬ್ಬಿಸಿಕೊಂಡು ಹೋಯಿತು. ಹೋಗ್ಲಿ ಬಿಡು, ದೊಡ್ಡೋರಿಗೆ ನಿಲ್ಲಕ್ಕೆ ಪುರುಸೊತ್ತಿರಲ್ಲ ಎಂದಿದ್ದಳು ಅವ್ವ. ಈಗ ಆ ಅವ್ವನೂ ಇಲ್ಲ. ಅಂದಿನಿಂದ ಬಸವಲಿಂಗಮ್ಮ ತೌರಿನ ವಿಷಯಕ್ಕೆ ಗಂಡನನ್ನು ಏನೊಂದೂ ಕೇಳಿರಲಿಲ್ಲ. ಬೇಡವೆಂದರೆಂದು ತಿಳಿದು ಮನಸ್ಸಿನಲ್ಲೇ ಮುನಿದು, ಮನಸ್ಸಿನಲ್ಲೇ ಕ್ಷಮಿಸಿ, ಆ ಕ್ಷಮೆಗೂ ಒಂದಿಷ್ಟು ಹೆಮ್ಮೆಪಟ್ಟುಕೊಂಡಿದ್ದಳು. ಊರವರ ಮಾತೆಲ್ಲ ಕೇಳುವ ತನಗೆ, ಮಂಚದ ಎಡಗಡೆ ಆಡಿದ ಮಾತಿಗೆ ಮಾತ್ರ ಉತ್ತರ ಬರುವುದಿಲ್ಲ ಎಂಬುದು ಒಂದು ದಿನವೂ ಹೊಳೆಯಲಿಲ್ಲವಲ್ಲ.

ಅದನ್ನೆಲ್ಲ ಬಲಗಡೆ ನಿಂತು ಹೇಳಿದಳು, ಮಜ್ಜಿಗೆಯ ಮಾತನ್ನೂ ಬಿಡದೆ. ಮುರುಗೇಂದ್ರಪ್ಪನವರು ಮೊದಲು ಗದರಿದರು. ಆಮೇಲೆ ಅಂಗೈಯಿಂದ ಬಲಗಿವಿ ಮುಚ್ಚಿಕೊಂಡು, ಈಗ ಮಾತಾಡು ಎಂದರು. ಅವಳ ತುಟಿ ಆಡಿತು. ಹುಚ್ಚಕ್ಕನ ತುಟಿಯೂ ಆಡಿತು. ಲೋಕದ ಸದ್ದನ್ನೆಲ್ಲ ಯಾರೋ ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿದಂತಿತ್ತು. ಎಷ್ಟೋ ವರ್ಷ ಗಿರಣಿಯ ಮಷೀನನ್ನು ಎಡಕ್ಕಿಟ್ಟುಕೊಂಡು ಕೂತಿದ್ದ ಮನುಷ್ಯ, ಗಾಣದ ಹಿಂಡಿಯ ಜೊತೆ ಕಿವಿಯೂ ಹಿಂಡಿಹೋಗಿತ್ತು. ಕೈ ತೆಗೆದು, ಬಣವೆಗೆ ಒರಗಿ ಕೂತರು.

“ಹಂಗಾದ್ರೆ, ಜುಂಜ?” ಎಂದರು ಕೊನೆಗೆ.

“ಅವನೂ ಹೇಳಿರ್ತಾನೆ.”

ಹುಚ್ಚಕ್ಕನ ಮನೆಯವರು ಹೊಲದಿಂದ ಬಂದು ಕಾರನ್ನು ಎಳೆದು ರಸ್ತೆಗೆ ಹಾಕುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು. ಮುರುಗೇಂದ್ರಪ್ಪನವರು ಚಳ್ಳಕೆರೆಯ ಕಡೆಗೆ ತಿರುಗಿಸಹೊರಟರು. ಬಸವಲಿಂಗಮ್ಮ ಈ ಸಲ ಹಿಂದಿನ ಸೀಟಿನಲ್ಲಿ, ಅವರ ಬಲಭುಜದ ಹಿಂದೆಯೇ ಕೂತಳು. ಸಿದ್ದಾಪುರದ ಕಡೆ ನಡೀರಿ ಎಂದಳು. ಕೇಳಲಿಲ್ಲ ಎನ್ನುವ ಹಾಗಿರಲಿಲ್ಲ.

ದಾರಿಯುದ್ದಕ್ಕೂ ಅವರು ಬಾಯಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದರು, ಹುಡುಗರು ಪದ್ಯ ಒಪ್ಪಿಸಲು ಹೊರಟಂತೆ. ಬಂಡೆಗುಡ್ಡದ ಕೆಳಗಿನ ಮನೆಯ ಮುಂದೆ ಕಾರು ನಿಂತಿತು. ಜುಂಜಣ್ಣ ಕಟ್ಟೆಯ ಮೇಲೆ ಉಣ್ಣೆ ಹಿಂಜುತ್ತಾ ಕೂತಿದ್ದ. ಇವರಿಬ್ಬರೂ ಇಳಿಯುವ ಮೊದಲೇ ಆಡುಗಳು ಬಾನೆಟ್ಟಿಗೆ ಕಾಲು ಕೊಟ್ಟು ಸಂಡಿಗೆ ನೆಕ್ಕತೊಡಗಿದವು. ಮುರುಗೇಂದ್ರಪ್ಪನವರು ಇಳಿದು ಅವನ್ನೇ ನೋಡುತ್ತಾ ನಿಂತರು. ಜುಂಜಣ್ಣನ ಮುಖ ನೋಡುವ ಧೈರ್ಯವಿರಲಿಲ್ಲ.

ಜುಂಜಣ್ಣ ಎದ್ದು ಹತ್ತಿರ ಬಂದ. “ಬಾ” ಎಂದ. ಹನ್ನೊಂದು ವರ್ಷದ ಮೇಲೆ ಆಡಿದ ಮಾತು ನೇರವಾಗಿ ಎಡಗಿವಿಗೆ ಹೋಗಿ ಬಿತ್ತು. ಇವರು ಮಿಸುಕಲಿಲ್ಲ. ಜುಂಜಣ್ಣನ ಮುಖ ಕಪ್ಪಿಟ್ಟಿತು, ಬಂದ ದಾರಿಗೇ ತಿರುಗಿದ. ಬಸವಲಿಂಗಮ್ಮ ಓಡಿಬಂದು, ಗಾಡಿಯ ನೊಗ ತಿರುಗಿಸುವಂತೆ ಗಂಡನ ಎರಡೂ ಭುಜ ಹಿಡಿದು ತಿರುಗಿಸಿದಳು. “ಇನ್ನೊಂದ್ಸಲ ಹೇಳೋ ನಮ್ಮಪ್ಪಾ, ಈ ಕಡೆ ಹೇಳು” ಎಂದಳು.

ದಾರಿಯಲ್ಲಿ ಕಟ್ಟಿಕೊಂಡ ಮಾತೆಲ್ಲ ಮುರುಗೇಂದ್ರಪ್ಪನವರಿಗೆ ಮರೆತುಹೋಗಿತ್ತು.

“ಅವತ್ತು ನೀನು ಹೇಳಿದ್ದೆ ಕಣಲೇ. ನನ್ನ ಕಿವಿಗೇ ಬೀಳ್ಲಿಲ್ಲ. ಈ ಕಿವಿ ಸತ್ತು ಎಷ್ಟು ಕಾಲ ಆಯ್ತೋ, ಮಣ್ಣು ಮಾಡೋರೂ ಇರ್ಲಿಲ್ಲ.”

ಜುಂಜಣ್ಣ ಅವರ ಕಿವಿಯನ್ನು ದಿಟ್ಟಿಸಿ ನೋಡಿದ.

“ಹಂಗಾದ್ರೆ ನಾನು ಬೈದಿದ್ದು?”

“ಯಾವಾಗ ಬೈದೆ?”

“ನಿಲ್ಸು ಅಂದ್ರೆ ನಿಲ್ಸಲಿಲ್ಲ, ಸಿಟ್ಟು ಬಂತು. ಹಾನಗಲ್ಲಿಂದ ಮೊಳಕಾಲ್ಮುರು ತನಕ ಬೈದೆ. ಉಪ್ಪು ತಿಂದ ಮನೆ ಅಂತಾನೂ ನೋಡ್ದೆ ನಿಮ್ಮಪ್ಪನ್ನೂ ಬಿಡ್ಲಿಲ್ಲ. ಆ ನಾಚಿಕೆಗೇ ಅಲ್ವೇನೋ ಇಷ್ಟು ವರ್ಷ ನಿಂಗೆ ಮಕ ತೋರಿಸ್ದೆ ಕೂತಿದ್ದು.”

ಮುರುಗೇಂದ್ರಪ್ಪನವರ ಮೀಸೆ ಅಲುಗಿತು.

“ನಮ್ಮಪ್ಪಂಗೆ ಏನಂದ್ಯಲೇ?”

ಜುಂಜಣ್ಣ ಕಾರು ಸುತ್ತಿಕೊಂಡು ಅವರ ಎಡಗಡೆಗೆ ಬಂದು, ಕಿವಿಯ ಹತ್ತಿರ ಬಾಗಿ, ಅಂದದ್ದನ್ನೆಲ್ಲ ಒಂದೂ ಬಿಡದೆ ಸಾವಕಾಶವಾಗಿ ಅಂದ. ಬಸವಲಿಂಗಮ್ಮ ಸೆರಗು ಬಾಯಿಗಿಟ್ಟುಕೊಂಡಳು.

“ಏನಂದೆ?” ಎಂದರು ಮುರುಗೇಂದ್ರಪ್ಪನವರು.

ಜುಂಜಣ್ಣ ಮತ್ತೆ ಬಲಗಡೆಗೆ ಬಂದ. “ಭಾನುವಾರ ಎಷ್ಟೊತ್ತಿಗೆ ಹೊರಡಾನ, ಸಾವ್ಕಾರ್ರೆ, ಅಂದೆ.”

ಒಳಗಿನಿಂದ ಪಾಲಮ್ಮ ಹಾಲು ಕರೆಯುವ ಪಾತ್ರೆ ಹಿಡಿದು ಬಂದಳು. ಬಸವಲಿಂಗಮ್ಮನನ್ನು ನೋಡಿ, “ಇದನ್ನ ಹಿಡ್ಕೊಳಕ್ಕ, ಕುಡಿಯಾಕೆ ಹಾಲು ಕರೀತೀನಿ” ಎಂದು, ಕಂಬಕ್ಕೆ ಕಟ್ಟಿದ್ದ ಆಡಿನ ಮರಿಯೊಂದನ್ನು ಬಿಚ್ಚಿ ಅವಳ ಕೈಗೆ ಕೊಟ್ಟಳು. ಬಸವಲಿಂಗಮ್ಮ ಅದನ್ನು ಮಡಿಲಿಗೆಳೆದುಕೊಂಡು ಕೂತಳು. ಪಾಲಮ್ಮ ತಾಯಿ ಆಡಿನ ಕೆಚ್ಚಲಿಗೆ ನೀರು ಚಿಮುಕಿಸಿ, ಪಾತ್ರೆಯನ್ನು ಮೊಣಕಾಲ ನಡುವೆ ಇಟ್ಟು, ಹಾಲು ಕರೆಯತೊಡಗಿದಳು.