ಚಿತ್ರಪುಸ್ತಕಕ್ಕೆ ನಾನು ಬರೆದ ಭಾಷ್ಯ

ಚಿತ್ರ ನೋಡುವುದರಲ್ಲಿ ಕಷ್ಟವೇನಿದೆ? ಕಣ್ಣಿದ್ದರೆ ಸಾಕು. ನನಗೆ ಎರಡಿದ್ದವು, ಮೇಲೆ ಕನ್ನಡಕ ಬೇರೆ. ಹಾಗಾಗಿ ನಮ್ಮ ಹೆಡ್‌ಮಾಸ್ಟರು ಆ ತೆಳ್ಳನೆಯ ಪುಸ್ತಕವನ್ನು ನನ್ನ ಕೈಗಿಟ್ಟಾಗ ನಾನು ಒಂದು ನಿಮಿಷವೂ ಯೋಚಿಸಲಿಲ್ಲ. ಯೋಚಿಸಬೇಕಾಗಿತ್ತು.

ಇದು ತೊಂಬತ್ತರ ದಶಕದ ಮೊದಮೊದಲ ಮಾತು. ಮಂಚೇನಹಳ್ಳಿಯ ಶಾಲೆಯೊಂದರಲ್ಲಿ ನಾನು ಮೇಷ್ಟ್ರು. ಮನೆ ಚಿಕ್ಕಬಳ್ಳಾಪುರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಬೆಳಿಗ್ಗೆ ಟೊಮ್ಯಾಟೊ ಬುಟ್ಟಿಗಳ ನಡುವೆ ಒಂಟಿಕಾಲಲ್ಲಿ ನಿಲ್ಲುತ್ತಿದ್ದೆ, ಸಂಜೆ ಖಾಲಿ ಬುಟ್ಟಿಗಳ ನಡುವೆ ಇನ್ನೊಂದು ಕಾಲಲ್ಲಿ. ಹನ್ನೊಂದು ವರ್ಷ ಹೀಗೆ ನಡೆದು, ಭಾನುವಾರ ಮನೆಯಲ್ಲಿ ಕುರ್ಚಿಯ ಮೇಲೆ ಕೂತರೂ ಮೈ ತಾನಾಗಿಯೇ ಕುಲುಕುತ್ತಿತ್ತು.

"ಏನಪ್ಪಾ ಮೇಷ್ಟ್ರೇ, ಎಲ್ಲಾ ಶಾಲೆಗೂ ಚಿತ್ರದ ಪುಸ್ತಕ ಕಳಿಸವ್ರೆ," ಎಂದರು ಹೆಡ್‌ಮಾಸ್ಟರು. "ಬರೋ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಮೀಟಿಂಗು. ಈ ಪುಸ್ತಕದಲ್ಲಿ ವಿನ್ಯಾಸ ಹೆಂಗದೆ, ದೃಷ್ಟಿಕೋನ ಹೆಂಗದೆ ಅಂತ ಶಾಲೆಗೊಬ್ರು ವಿವರಿಸಬೇಕಂತೆ. ಯಾರು ಚೆನ್ನಾಗಿ ಮಾತಾಡ್ತಾರೋ ಅವ್ರನ್ನ ಅಲ್ಲೇ ತರಬೇತಿ ಕೊಡೋಕೆ ಇಟ್ಕೊಳ್ತಾರಂತೆ. ಗೋಡೆ ಮೇಲೆ ಭಾರತದ ಭೂಪಟ ಬರೆದೋರು ನೀವೇ ತಾನೇ? ನೀವೇ ಹೋಗಿ."

ಭೂಪಟದಲ್ಲಿ ಶ್ರೀಲಂಕಾ ಭಾರತಕ್ಕಿಂತ ಸ್ವಲ್ಪ ದೊಡ್ಡದಾಗಿತ್ತು. ಅದನ್ನು ನಾನು ನೆನಪಿಸಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಒಂದೇ ಮಾತು: ಅಲ್ಲೇ ಇಟ್ಕೊಳ್ತಾರಂತೆ! ಅಂದರೆ ಚಿಕ್ಕಬಳ್ಳಾಪುರದಲ್ಲಿ. ನಮ್ಮ ಮನೆಯಿಂದ ನಡೆದು ಹೋಗುವ ದೂರದಲ್ಲಿ.

ಆ ಸಂಜೆಯೇ ಪುಸ್ತಕ ಹರಡಿಕೊಂಡು ಕೂತೆ. ಅದರಲ್ಲಿ ಒಂದೂ ಅಕ್ಷರವಿರಲಿಲ್ಲ, ಪುಟಸಂಖ್ಯೆಯೂ ಇರಲಿಲ್ಲ. ಹದಿನಾರು ಪುಟ, ಬರೀ ಚಿತ್ರ. ಹಸಿರು ಲಂಗದ ಪುಟ್ಟ ಹುಡುಗಿಯೊಬ್ಬಳು ಸಂತೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಳ್ಳುವ ಕಥೆ ಎಂಬುದು ಮೇಲ್ನೋಟಕ್ಕೇ ಗೊತ್ತಾಗುತ್ತಿತ್ತು. ಆದರೆ ನಾನು ಮೇಲ್ನೋಟದ ಮನುಷ್ಯನಲ್ಲ!

ಮೊದಲ ಪುಟದಲ್ಲೇ ಹುಡುಗಿ ಕಳೆದುಹೋಗಿ ಕಂಗಾಲಾಗಿ ನಿಂತಿದ್ದಳು. ಮೂರನೆಯ ಪುಟದಲ್ಲಿ ಅಮ್ಮನ ಕೈ ಹಿಡಿದು ಖುಷಿಯಾಗಿ ಸಂತೆಗೆ ಬರುತ್ತಿದ್ದಳು. ಮೊದಲು ಕಳೆದುಹೋಗಿ ಆಮೇಲೆ ಬರುವುದೇ? 'ಹಿನ್ನೋಟ ತಂತ್ರ' ಎಂದು ಬರೆದುಕೊಂಡೆ. ನಡುವಿನ ನಾಲ್ಕು ಪುಟಗಳಂತೂ ಪೂರ್ತಿ ತಲೆಕೆಳಗಾಗಿದ್ದವು. ಬದನೆಕಾಯಿ ರಾಶಿ ಮೇಲಿನಿಂದ ಜೋತುಬಿದ್ದಿತ್ತು. ಗಾಡಿಯ ಚಕ್ರ ಗಾಳಿಯಲ್ಲಿತ್ತು. ನನ್ನ ಮೈ ಜುಮ್ಮೆಂದಿತು. 'ಕಳೆದುಹೋದ ಮಗುವಿನ ಮನಸ್ಸಿನಲ್ಲಿ ಲೋಕವೇ ತಲೆಕೆಳಗಾಗಿದೆ' ಎಂದು ಬರೆದು ಎರಡು ಗೆರೆ ಎಳೆದೆ. ಕೊನೆಗೆ ಇನ್ನೂ ಆಶ್ಚರ್ಯ: ಅಮ್ಮ ಸಿಕ್ಕಿಬಿಡುತ್ತಾಳೆ, ಅದರ ಮುಂದಿನ ಪುಟದಲ್ಲಿ ಹುಡುಗಿ ಮತ್ತೆ ಒಂಟಿಯಾಗಿ ಅಳುತ್ತಾಳೆ. 'ಸಿಕ್ಕಿದ್ದೂ ಸಿಕ್ಕಂತಲ್ಲ, ಇದೇ ಜೀವನ' ಎಂದು ಬರೆದು ಪೆನ್ನು ಕೆಳಗಿಟ್ಟೆ. ಕಣ್ಣಲ್ಲಿ ನೀರಿತ್ತು.

ಒಂದೇ ಒಂದು ಕೊರತೆ ಕಾಣಿಸಿತು. ಪುಸ್ತಕದುದ್ದಕ್ಕೂ ದೊಡ್ಡವರಿಗೆ ತಲೆಯೇ ಇರಲಿಲ್ಲ! ಪಂಚೆ, ಸೀರೆಯ ಅಂಚು, ಚಪ್ಪಲಿ, ನೇತಾಡುವ ಚೀಲ, ಅಷ್ಟೇ. ಸೊಂಟದಿಂದ ಮೇಲಿನದನ್ನೆಲ್ಲ ಪ್ರೆಸ್ಸಿನವರು ಕತ್ತರಿಸಿಬಿಟ್ಟಿದ್ದರು. ಅಮ್ಮ ಸಿಗುವ ಪುಟದಲ್ಲಿ ಮಾತ್ರ ಅವಳ ಮುಖ ಉಳಿದಿತ್ತು. ಪಾಪ, ಆ ಒಂದು ಹಾಳೆಗೆ ಯಾರೋ ಜಾಗ್ರತೆಯಿಂದ ಕತ್ತರಿ ಹಾಕಿರಬೇಕು. 'ಅಚ್ಚಿನ ದೋಷ, ಕ್ಷಮಿಸಬಹುದು' ಎಂದು ದೊಡ್ಡ ಮನಸ್ಸಿನಿಂದ ಬರೆದೆ.

ನನ್ನ ಹೆಂಡತಿ ಸರೋಜ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಮಿಷನ್ನಿನಿಂದ ಎದ್ದು ಬಂದು ಪುಸ್ತಕ ತಿರುವಿ ನೋಡಿದಳು.

"ರೀ, ಇದು ಉಲ್ಟಾ ಹೊಲ್ದವ್ರೆ ಅನ್ಸುತ್ತೆ."

"ಏನು?"

"ನಡುವಿನ ಹಾಳೆ ಉಲ್ಟಾ ಇಟ್ಟು ಪಿನ್ ಹೊಡೆದವ್ರೆ. ನಾನೂ ಒಂದ್ಸಲ ನವಿಲಿನ ಬಟ್ಟೇಲಿ ಹಿಂಗೇ ಮಾಡಿದ್ದೆ. ತೋಳಿನ ಮೇಲೆ ನವಿಲೆಲ್ಲಾ ಕಾಲು ಮೇಲೆ ಮಾಡ್ಕೊಂಡು ನಿಂತಿದ್ವು."

"ಇದು ರವಿಕೆ ಅಲ್ಲ ಕಣೇ, ಕಲೆ!" ಎಂದೆ.

ಸರೋಜ ಮಿಷನ್ನಿಗೆ ವಾಪಸು ಹೋದಳು. ಅದು ಅವತ್ತು ಸ್ವಲ್ಪ ಜೋರಾಗಿ ಓಡಿತು.

ಶನಿವಾರ ಇಸ್ತ್ರಿ ಮಾಡಿದ ಷರ್ಟು ತೊಟ್ಟು ನಡೆದುಕೊಂಡೇ ಸಭೆಗೆ ಹೋದೆ. ಸುತ್ತಲ ತಾಲ್ಲೂಕುಗಳ ಮೇಷ್ಟ್ರುಗಳು, ಮೇಡಂಗಳು ಹಾಲ್ ತುಂಬ ಕೂತಿದ್ದರು. ಎಲ್ಲರ ಕೈಯಲ್ಲೂ ಅದೇ ಪುಸ್ತಕ. ವೇದಿಕೆಯ ಮೇಲೆ ಅಧಿಕಾರಿಗಳೊಬ್ಬರು. ಅವರೂ ನನ್ನ ಹಾಗೇ ದಣಿದ ಮುಖದವರು; ಆ ವಾರ ಅದು ಅವರ ಎಷ್ಟನೆಯ ಸಭೆಯೋ.

ಮೊದಲ ಸರದಿ ನನ್ನದೇ. ಶುರು ಮಾಡಿದೆ. ಹಿನ್ನೋಟ ತಂತ್ರ ಎಂದೆ. ಸಭೆ ಪುಟ ತಿರುವಿತು. ಮುಂದಿನ ಸಾಲಿನಲ್ಲಿದ್ದ ಗೌರಿಬಿದನೂರಿನ ಹಿರಿಯ ಮೇಷ್ಟ್ರೊಬ್ಬರು ಹುಬ್ಬು ಗಂಟಿಕ್ಕಿ ಹಿಂದಕ್ಕೆ ಮುಂದಕ್ಕೆ ತಿರುವಿದರು. ಗಹನವಾದ ವಿಚಾರ, ಅರಗಲು ಹೊತ್ತು ಬೇಕು ಎಂದುಕೊಂಡೆ.

"ಈಗ ನಡುವಿನ ಪುಟ ತೆಗೆಯಿರಿ. ಲೋಕ ಹೇಗೆ ತಲೆಕೆಳಗಾಗಿದೆ ನೋಡಿ!" ಎಂದು ಕೂಗಿದೆ.

ಹಿರಿಯ ಮೇಷ್ಟ್ರು ಪುಸ್ತಕ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ ತಮ್ಮ ಪುಸ್ತಕವನ್ನೇ ತಲೆಕೆಳಗು ಮಾಡಿ ಹಿಡಿದರು. ಅವರನ್ನು ನೋಡಿ ಪಕ್ಕದವರೂ ತಿರುಗಿಸಿದರು. ನೋಡುನೋಡುತ್ತಿದ್ದಂತೆ ಇಡೀ ಹಾಲ್ ಪುಸ್ತಕ ತಿರುಗಿಸಿಕೊಂಡು ಕೂತಿತು. ವೇದಿಕೆಯ ಮೇಲೆ ಅಧಿಕಾರಿಗಳೂ! ಯಾರಿಗೂ ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲ. ಅಷ್ಟು ಗಟ್ಟಿಯಾಗಿತ್ತು ನನ್ನ ದನಿ.

ಒಬ್ಬರು ಮಾತ್ರ ಎದ್ದು ನಿಂತರು. ಶಿಡ್ಲಘಟ್ಟದಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುವ ಹಸೀನಾ ಮೇಡಂ.

"ಸಾರ್, ತಪ್ಪು ತಿಳ್ಕೋಬೇಡಿ. ನಮ್ಮ ಪುಸ್ತಕದಲ್ಲಿ ನೆಟ್ಟಗೇ ಇದೆ."

"ಸರಿಯಾಗಿ ನೋಡಿ ಮೇಡಂ."

"ಒಂದು ವಾರದಿಂದ ಮಕ್ಕಳ ಜೊತೆ ನೋಡ್ತಾನೇ ಇದೀನಿ ಸಾರ್. ನಿಮ್ಮದು ಸ್ವಲ್ಪ ಕೊಡ್ತೀರಾ?"

ಅಲ್ಲಿಗೇ ಸುಮ್ಮನಾಗಬಹುದಿತ್ತು. "ಎರಡು ಬಗೆಯ ಮುದ್ರಣ ಬಂದಿರಬೇಕು, ನನ್ನದು ದೊಡ್ಡವರಿಗೆ," ಎಂದುಬಿಟ್ಟೆ! ಅಧಿಕಾರಿಗಳು ತಮ್ಮ ಪುಸ್ತಕವನ್ನು ನಿಧಾನವಾಗಿ ನೆಟ್ಟಗೆ ಮಾಡಿಕೊಂಡು, "ಕೊಡಿ ಮೇಷ್ಟ್ರೇ," ಎಂದರು.

ಹಸೀನಾ ಮೇಡಂ ವೇದಿಕೆಗೆ ಬಂದು ಸೆರಗಿನ ಪಿನ್ನು ತೆಗೆದು, ಅದರಿಂದಲೇ ಪುಸ್ತಕದ ಎರಡು ಪಿನ್ನು ಎಬ್ಬಿಸಿದರು. ನಡುವಿನ ಹಾಳೆ ತಿರುಗಿಸಿದರು. ಹೊರಗಿನ ಎರಡು ಹಾಳೆಗಳನ್ನು ಅದಲುಬದಲು ಮಾಡಿದರು. ಪಿನ್ನು ಮಡಚಿ ನನ್ನ ಕೈಗೆ ಕೊಟ್ಟರು. ಎರಡು ನಿಮಿಷದ ಕೆಲಸ. ಹುಡುಗಿ ಅಮ್ಮನ ಜೊತೆ ಸಂತೆಗೆ ಬಂದಳು, ಕಳೆದುಹೋದಳು, ಹುಡುಕಿದಳು, ಕೊನೆಯ ಪುಟದಲ್ಲಿ ಸಿಕ್ಕಳು. ಹಿನ್ನೋಟವೂ ಇಲ್ಲ, ತಲೆಕೆಳಗಾದ ಲೋಕವೂ ಇಲ್ಲ. ಯಾವನೋ ಬೈಂಡರು ತೂಕಡಿಸಿದ್ದ. ಅವನ ತೂಕಡಿಕೆಗೆ ನಾನು ಇಪ್ಪತ್ತೆರಡು ಪುಟ ಭಾಷ್ಯ ಬರೆದಿದ್ದೆ!

ಹಾಲ್ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ವಾಸಿಯಾಗಿತ್ತು. ತಾವೂ ಪುಸ್ತಕ ತಿರುಗಿಸಿ ಹಿಡಿದಿದ್ದವರು ಹೇಗೆ ನಗುತ್ತಾರೆ?

ಮಾನ ಉಳಿಸಿಕೊಳ್ಳಲು ಕೊನೆಯದಾಗಿ ಒಂದು ಮಾತು ಎಸೆದೆ. "ಅದೇ ಮೇಡಂ, ಅಚ್ಚಿನ ದೋಷ ಇದೆ ಅಂತ ನಾನೂ ಬರೆದಿದ್ದೀನಿ. ಎಲ್ಲರ ತಲೆ ಕತ್ತರಿಸಿಬಿಟ್ಟಿದ್ದಾರೆ ನೋಡಿ."

ಹಸೀನಾ ಮೇಡಂ ನನ್ನನ್ನು ಮರುಕದಿಂದ ನೋಡಿದರು.

"ಅದು ದೋಷ ಅಲ್ಲ ಸಾರ್. ಅದೇ ಪುಸ್ತಕ."

ಮೇಡಂ ತಮ್ಮ ಮಂಡಿಯ ಹತ್ತಿರ ಕೈಯಿಟ್ಟು ತೋರಿಸಿದರು.

"ಆ ಮಗು ಎತ್ತರ ಎಷ್ಟಿದೆ ಸಾರ್? ನಮ್ಮ ಮಂಡಿಗಿಂತ ಚೂರು ಮೇಲೆ. ಸಂತೇಲಿ ಅದಕ್ಕೆ ಯಾರ ಮುಖ ಕಾಣುತ್ತೆ? ಬರೀ ಕಾಲು, ಬರೀ ಚೀಲ. ಅಮ್ಮನ ಥರದ ಹಸಿರು ಸೀರೆ ಕಂಡ್ರೆ ಅಮ್ಮಾ ಅಂತ ಹಿಡ್ಕೊಳ್ಳುತ್ತೆ, ನೋಡಿದ್ರೆ ಬೇರೆಯವರು. ಕೊನೆ ಪುಟದಲ್ಲಿ ಅಮ್ಮ ಬಗ್ತಾಳೆ. ಅವಳು ಬಗ್ಗಿದ್ದಕ್ಕೇ ಮುಖ ಕಾಣ್ಸಿದ್ದು. ನಮ್ಮ ಕ್ಲಾಸಲ್ಲಿ ಆ ಪುಟ ಬಂದಾಗ ಮಕ್ಕಳೆಲ್ಲಾ ಒಟ್ಟಿಗೆ 'ಹಾ' ಅಂತಾರೆ ಸಾರ್. ನಾನೇನೂ ಹೇಳ್ಕೊಟ್ಟಿಲ್ಲ."

ನಾನು ಪುಸ್ತಕ ತೆರೆದು ನೋಡಿದೆ. ಹೌದು. ಅಮ್ಮನ ಮುಖ ಪುಟ ತುಂಬ ಇತ್ತು, ಮಗುವಿನ ಎತ್ತರಕ್ಕೆ ಇಳಿದು. ವಾರವಿಡೀ ನಾನು ಕನ್ನಡಕ ಒರೆಸಿ ಒರೆಸಿ ನೋಡಿದ ಚಿತ್ರವದು. ಬೈಂಡರನ ತಪ್ಪನ್ನು ಕಲೆ ಎಂದಿದ್ದೆ, ಕಲೆಯನ್ನು ತಪ್ಪು ಎಂದಿದ್ದೆ. ಹದಿನಾರು ಪುಟದಲ್ಲಿ ಒಂದನ್ನಾದರೂ ಅಕಸ್ಮಾತ್ತಾಗಿ ಸರಿಯಾಗಿ ಹೇಳಬಾರದಿತ್ತೇ?

ಅಧಿಕಾರಿಗಳು ಕೈಯೆತ್ತಿ ಮೃದುವಾಗಿ ಹೇಳಿದರು. "ಮೇಷ್ಟ್ರೇ, ಕೂತ್ಕೊಳ್ಳಿ. ನಿಂತು ಸುಸ್ತಾಗಿರ್ತೀರ."

ಹನ್ನೊಂದು ವರ್ಷದಲ್ಲಿ ನನಗೆ ಕೂತುಕೊಳ್ಳಿ ಎಂದ ಮೊದಲ ಮನುಷ್ಯ ಅವರೇ. ಕೂತೆ.

ಮನೆಗೆ ಬಂದಾಗ ಸರೋಜ ಬಾಗಿಲಲ್ಲೇ ಕೇಳಿದಳು. "ಏನಾಯ್ತು? ಇಲ್ಲೇ ಹಾಕಿದ್ರಾ?"

"ಶಿಡ್ಲಘಟ್ಟದ ಮೇಡಂ ಒಬ್ಬರನ್ನ ಹಾಕಿದ್ರು."

"ಯಾಕೆ, ನಿಮ್ಮ ಕಲೆ?"

"ಉಲ್ಟಾ ಹೊಲ್ದಿದ್ರು," ಎಂದೆ. ಅವಳು ತುಟಿ ಕಚ್ಚಿಕೊಂಡು ಒಳಗೆ ಹೋದಳು. ಅಡುಗೆಮನೆಯಿಂದ ಪಾತ್ರೆ ಬಿದ್ದ ಸದ್ದಿನ ಜೊತೆ ನಗು ಕೇಳಿಸಿತು. ಪಾತ್ರೆ ಬೇಕೆಂದೇ ಬೀಳಿಸಿದ್ದಳು ಎಂದು ನನ್ನ ಅನುಮಾನ.

ಹದಿನೈದು ದಿನ ಕಳೆದು ಆದೇಶ ಬಂತು. ಸಭೆಗೆ ಬಂದವರೆಲ್ಲ ಹಸೀನಾ ಮೇಡಂ ನಡೆಸುವ ಮೂರು ದಿನದ ತರಬೇತಿಗೆ ತಪ್ಪದೆ ಹಾಜರಾಗಬೇಕು. ನನ್ನ ಹೆಸರಿನ ಕೆಳಗೆ ಯಾರೋ ಗೆರೆ ಬೇರೆ ಎಳೆದಿದ್ದರು.

ಮೊದಲ ದಿನವೇ ಮೇಡಂ, "ಎಲ್ಲರೂ ಮಂಡಿಯೂರಿ ಸಾರ್, ಮಕ್ಕಳ ಎತ್ತರದಿಂದ ಈ ರೂಮು ಹೆಂಗೆ ಕಾಣುತ್ತೆ ನೋಡಣ," ಎಂದರು. ಗೌರಿಬಿದನೂರಿನ ಹಿರಿಯ ಮೇಷ್ಟ್ರು, "ಬೆನ್ನುನೋವು ಮೇಡಂ," ಎಂದು ಜಾಣತನದಿಂದ ಕುರ್ಚಿ ಬಿಡಲಿಲ್ಲ. ನಾನು, ಹೋದ ಮರ್ಯಾದೆಯಲ್ಲಿ ಸ್ವಲ್ಪವಾದರೂ ಸಂಪಾದಿಸೋಣವೆಂದು, ಎಲ್ಲರಿಗಿಂತ ಮೊದಲು ದಬಕ್ಕನೆ ಮಂಡಿಯೂರಿದೆ. ಎರಡೂ ಮಂಡಿ ಒಟ್ಟಿಗೆ 'ಟಕ್' ಎಂದವು. ಐದು ನಿಮಿಷ ಕಳೆದು ಉಳಿದವರೆಲ್ಲ ಎದ್ದರು. ನಾನು ಏಳಲಿಲ್ಲ.

"ಭಲೇ ಸಾರ್, ಎಷ್ಟು ಗಮನ ಇಟ್ಟು ನೋಡ್ತಿದ್ದೀರ!" ಎಂದು ಹಸೀನಾ ಮೇಡಂ ಮೆಚ್ಚಿಕೊಂಡರು. "ಏನೇನು ಕಾಣಿಸ್ತು, ಎಲ್ಲಾ ಬರ್ಕೊಳ್ಳಿ."

ಎದ್ದು ನಿಲ್ಲಲು ಆಗುತ್ತಿಲ್ಲ ಎಂದು ಹೇಳುವ ಧೈರ್ಯ ಬರಲಿಲ್ಲ. ಜೇಬಿನಿಂದ ಪೆನ್ನು ತೆಗೆದು, ಊಟದ ಬೆಲ್ಲು ಹೊಡೆಯುವವರೆಗೆ ಬರೆದುಕೊಳ್ಳುತ್ತಲೇ ಇದ್ದೆ.